ಉಸಿರಿನ ಸಾಕ್ಷ್ಯ

ಕಾರವಾರದಿಂದ ಅಂಕೋಲೆಯ ಕಡೆಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿ ಅಮದಳ್ಳಿಯನ್ನು ಹಾಯ್ದು ಹೋಗುತ್ತದೆ. ಹಗಲೂ ಇರುಳೂ ಲಾರಿ, ಬಸ್ಸು, ಕಾರುಗಳ ಓಡಾಟ ಅಲ್ಲಿ ನಿಲ್ಲುವುದಿಲ್ಲ. ಬಡಗಲಿಗೆ ಕಾಳೀನದಿಯನ್ನು ದಾಟಿದರೆ ಮಾಜಾಳಿ, ಅದರಾಚೆ ಗೋವೆ. ಅಲ್ಲಿ ಮದ್ಯ ಅಗ್ಗವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಇಂಥ ದಾರಿಯಲ್ಲಿ ಒಂದು ರಾತ್ರಿ ಪೋಲೀಸರು ವಾಹನವೊಂದನ್ನು ತಡೆದು, ಚಾಲಕನ ಮುಂದೆ ಚಿಕ್ಕ ಯಂತ್ರವನ್ನು ಹಿಡಿದು, 'ಊದಿರಿ' ಎಂದರೆನ್ನಿ. ಯಂತ್ರ ಒಂದು ಅಂಕೆಯನ್ನು ತೋರಿಸುತ್ತದೆ. ಆ ಅಂಕೆಯನ್ನು ನ್ಯಾಯಾಲಯ ಪುರಾವೆಯೆಂದು ಸ್ವೀಕರಿಸಬಹುದೆ? ಸ್ವೀಕರಿಸಿದರೂ ಎಷ್ಟರ ಮಟ್ಟಿಗೆ ನಂಬಬೇಕು? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಉತ್ತರ ಸಿಕ್ಕಿದೊಡನೆ ಇನ್ನೊಂದಕ್ಕೂ ಸಿಕ್ಕಿತೆಂದು ತಿಳಿಯಬಾರದು.

ಕುಡಿತವನ್ನು ರುಜುವಾತುಪಡಿಸುವ ತೊಡಕು ಈ ಕರಾವಳಿಗೆ ಹಳೆಯದು. 1956ರ ನವೆಂಬರ್ 1ಕ್ಕೆ ಮುಂಚೆ ಕಾರವಾರ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. 1949ರ ಪಾನನಿರೋಧ ಕಾಯಿದೆ ಆ ರಾಜ್ಯದ್ದೇ. ಅಂದಿನ ಮೊಕದ್ದಮೆಗಳಲ್ಲಿ ಬಾಯಿಯ ವಾಸನೆ, ನಡಿಗೆ, ಮಾತು, ಕಣ್ಣು ಇವೇ ದೊಡ್ಡ ಸಾಕ್ಷ್ಯವಾಗುತ್ತಿದ್ದವು. ಮಹಾರಾಷ್ಟ್ರದಿಂದ ಬಂದ ಒಂದು ಪ್ರಕರಣದಲ್ಲಿ 1971ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಬಗೆಯ ಸಾಕ್ಷ್ಯವನ್ನು ತೂಗಿ ನೋಡಿತು. ಉಸಿರಿನಲ್ಲಿ ವಾಸನೆಯಿತ್ತು, ಹೆಜ್ಜೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು, ಕಣ್ಣಿನ ಪಾಪೆ ಹಿಗ್ಗಿತ್ತು ಎಂಬಷ್ಟರಿಂದಲೇ ಕುಡಿದಿದ್ದನೆಂದು ಖಚಿತವಾಗಿ ಹೇಳಲಾಗದು. ಅದಕ್ಕೆ ರಕ್ತದ ಅಥವಾ ಮೂತ್ರದ ಪರೀಕ್ಷೆ ಬೇಕು ಎಂದಿತು.

ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನಗಳ ಕಾಯಿದೆ. ಅದರ 185ನೆಯ ಕಲಮಿನಂತೆ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ವಾಹನ ನಡೆಸುವುದು ಅಪರಾಧ. ಅದನ್ನು ಉಸಿರು ಪರೀಕ್ಷೆಯ ಯಂತ್ರದಿಂದ ಕಂಡುಹಿಡಿಯಬಹುದೆಂದು ಕಲಮೇ ಹೇಳುತ್ತದೆ. 2019ರ ತಿದ್ದುಪಡಿ ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿತು. ಮೊದಲನೆಯ ಸಲಕ್ಕೆ ಆರು ತಿಂಗಳವರೆಗಿನ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಆದುದರಿಂದ ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ನೇರವಾಗಿಯೇ ಉಂಟು: ಯಂತ್ರದ ಅಂಕೆ ಪುರಾವೆಯಾಗಬಹುದು. ಆದರೆ 203ನೆಯ ಕಲಮು ಕಟ್ಟುಪಾಡುಗಳನ್ನು ಹಾಕಿದೆ. ಊದಲು ಹೇಳುವವರು ಸಮವಸ್ತ್ರದಲ್ಲಿರುವ ಪೋಲೀಸು ಅಧಿಕಾರಿ ಅಥವಾ ಮೋಟಾರು ವಾಹನ ಇಲಾಖೆಯ ಅಧಿಕಾರಿಯಾಗಿರಬೇಕು; ಸಂಶಯಕ್ಕೆ ಸಕಾರಣವಿರಬೇಕು; ಯಂತ್ರ ಕೇಂದ್ರ ಸರಕಾರ ಒಪ್ಪಿ ಪ್ರಕಟಿಸಿದ ಮಾದರಿಯದಾಗಿರಬೇಕು.

ಎರಡನೆಯ ಪ್ರಶ್ನೆ ವಿಜ್ಞಾನದ್ದು. ರಕ್ತದಲ್ಲಿ ಬೆರೆತ ಮದ್ಯಸಾರ ಪುಪ್ಪುಸದಲ್ಲಿ ಆವಿಯಾಗಿ ಉಸಿರಿನೊಡನೆ ಹೊರಬರುತ್ತದೆ. 2,100 ಮಿಲಿಲೀಟರ್ ಉಸಿರಿನಲ್ಲಿ ಇರುವಷ್ಟು ಮದ್ಯಸಾರ ಒಂದು ಮಿಲಿಲೀಟರ್ ರಕ್ತದಲ್ಲಿದೆಯೆಂದು ಹಿಡಿದು ಲೆಕ್ಕಮಾಡುವುದು ರೂಢಿ. ಇದು ಸರಾಸರಿಯ ಲೆಕ್ಕ. ಆಳಿನಿಂದಾಳಿಗೆ ತುಸು ವ್ಯತ್ಯಾಸವಾಗುತ್ತದೆ. ಮೇಲಾಗಿ, ಈಗತಾನೆ ಮದ್ಯಸಾರವಿರುವ ಔಷಧಿಯಿಂದ ಬಾಯಿ ಮುಕ್ಕಳಿಸಿದವನ ಬಾಯಲ್ಲಿ ಉಳಿದ ಅಂಶವೂ ಅಂಕೆಯನ್ನು ಏರಿಸೀತು. ಹದಿನೈದು ನಿಮಿಷ ಕಾದು ಊದಿಸಿದರೆ ಆ ದೋಷ ಬಹುಮಟ್ಟಿಗೆ ಕಳೆಯುತ್ತದೆ. ಅಂಗಡಿಯ ತಕ್ಕಡಿಯನ್ನು ಆಗಾಗ ಸರಿನೋಡುವಂತೆ ಈ ಯಂತ್ರವನ್ನೂ ಸರಿನೋಡುತ್ತಿರಬೇಕು. 2025ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ಇದನ್ನೇ ಎತ್ತಿ ಹಿಡಿಯಿತು. ಊದಿಸುವ ಮೊದಲು ಬರಿಯ ಗಾಳಿಗೆ ಯಂತ್ರ ಸೊನ್ನೆ ತೋರಿಸಬೇಕು. ಹಾಗೆ ತೋರಿಸದಿದ್ದ ಒಂದು ಪ್ರಕರಣದಲ್ಲಿ ಕುಡಿದು ನಡೆಸಿದ ಆಪಾದನೆಯನ್ನೇ ಅದು ರದ್ದುಮಾಡಿತು.

ಹಾಗಾದರೆ ಊದಲೊಲ್ಲೆ ಎಂದರೆ ಪಾರಾಗಬಹುದೆ? ಇಲ್ಲ. ಮದ್ಯಸಾರದ ಸಂಶಯವಿದ್ದಲ್ಲಿ, ಊದಲು ನಿರಾಕರಿಸಿದವನನ್ನು ವಾರಂಟಿಲ್ಲದೆ ಹಿಡಿಯಬಹುದು. ಸಕಾರಣವಿಲ್ಲದ ನಿರಾಕರಣೆಯನ್ನು ಅವನ ವಿರುದ್ಧದ ಸಾಕ್ಷ್ಯಕ್ಕೆ ಬೆಂಬಲವಾಗಿ ಬಳಸಲು 205ನೆಯ ಕಲಮಿನಲ್ಲಿ ಆಸ್ಪದವಿದೆ. ವಿಮೆಯ ಮಾತು ಇನ್ನೊಂದು. ಉಸಿರನ್ನಾಗಲಿ ರಕ್ತವನ್ನಾಗಲಿ ಪರೀಕ್ಷಿಸದಿದ್ದರೂ, ಚಾಲಕ ಅಮಲಿನಲ್ಲಿದ್ದನೆಂಬುದನ್ನು ವಿಮಾ ಕಂಪನಿ ಬೇರೆ ಸಾಕ್ಷ್ಯದಿಂದ ತೋರಿಸಿಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ. ದಂಡದಿಂದ ತಪ್ಪಿಸಿಕೊಂಡವನಿಗೆ ಜಖಂಗೊಂಡ ವಾಹನದ ಹಣ ಬಂದೇ ಬರುತ್ತದೆಂಬ ಭರವಸೆಯಿಲ್ಲ.

ಹಿಡಿಯಲ್ಪಟ್ಟವನಿಗೂ ರಕ್ಷಣೆಯುಂಟು. 185ನೆಯ ಕಲಮಿನಡಿ ಹಿಡಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಯಾಗಬೇಕು. ಆಗದಿದ್ದರೆ ಅವನನ್ನು ಬಿಟ್ಟುಬಿಡಬೇಕು. ಆದುದರಿಂದ ಯಂತ್ರ ಕೊಟ್ಟ ಚೀಟಿಯ ಮೇಲಿನ ದಿನಾಂಕ, ವೇಳೆ, ಅಂಕೆಗಳನ್ನು ನೀವು ನೋಡಿಕೊಳ್ಳಿರಿ. ಗಾಳಿಯ ಪರೀಕ್ಷೆಯಲ್ಲಿ ಸೊನ್ನೆ ಬಂದಿತ್ತೇ ಎಂದು ಕೇಳಿರಿ. ಅಂಕೆಯ ಬಗ್ಗೆ ಸಂಶಯವಿದ್ದರೆ ರಕ್ತಪರೀಕ್ಷೆಯಾಗಲೆಂದು ಸೌಜನ್ಯದಿಂದಲೇ ಕೇಳಿಕೊಳ್ಳಿರಿ. ಹೀಗೆ ಕೇಳುವುದು ಪೋಲೀಸರೊಡನೆ ಜಗಳವಲ್ಲ.

ಇಷ್ಟೆಲ್ಲ ಎಚ್ಚರಿಕೆ ಕುಡುಕನನ್ನು ಕಾಪಾಡುವುದಕ್ಕಲ್ಲವೆ ಎಂದು ಕೆಲವರು ಕೇಳಿಯಾರು. ಕುಡಿಯದ ಲಾರಿ ಚಾಲಕನೊಬ್ಬ ತಪ್ಪು ಅಂಕೆಯಿಂದ ಅನ್ನ ಕಳೆದುಕೊಳ್ಳಬಾರದು. ಸಂಜೆ ಮೀನು ಮಾರಿ ಹೆದ್ದಾರಿಯ ಅಂಚಿನಲ್ಲಿ ಮನೆಗೆ ನಡೆದು ಹೋಗುವ ಹೆಂಗಸನ್ನು ಕುಡಿದವನ ವಾಹನ ಬಡಿದರೆ, ಸೊನ್ನೆ ನೋಡದ ಯಂತ್ರದಿಂದಾಗಿ ಅಪರಾಧಿ ಜಾರಿಕೊಳ್ಳಲೂ ಬಾರದು. ಸರಿಯಾಗಿ ನಡೆಸಿದ ಪರೀಕ್ಷೆ ಈ ಇಬ್ಬರನ್ನೂ ಕಾಯುತ್ತದೆ. ಇನ್ನು, ಕುಡಿದ ದಿನ ಗಾಡಿಯ ಬೀಗದ ಕೈಯನ್ನು ಬೇರೊಬ್ಬರ ಕೈಗೆ ಕೊಟ್ಟವನಿಗೆ ಈ ಯಾವ ಕಲಮಿನ ಗೊಡವೆಯೂ ಇಲ್ಲ.