ಸಿಸ್ಟಮ್ಸ್ ಎಂಜಿನಿಯರಿಂಗ್ ವಿದ್ಯೆಯೂ ಉದ್ಯೋಗಮಾರ್ಗಗಳೂ

(ನಾಗಸಂದ್ರದ ವಿದ್ಯಾರ್ಥಿಸಭೆಯಲ್ಲಿ ಮಾಡಿದ ಭಾಷಣ)

ವ್ಯಾಕರಣ ತರ್ಕಗಳನ್ನೋದಿದ ಪಂಡಿತನಿಗೆ ಯಂತ್ರವಿದ್ಯೆಯ ಗೊಡವೆಯೇಕೆಂದು ನೀವು ಕೇಳಬಹುದು. ಮಗನು ಸಿಸ್ಟಮ್ಸ್ ಎಂಜಿನಿಯರಿಂಗಿನಲ್ಲಿ ಪದವಿ ಪಡೆದಿರುವನು, ಇವನಿಗೆ ಅನ್ನ ಹುಟ್ಟುವುದೆಲ್ಲಿ ಎಂದು ತಾಯಿತಂದೆಗಳು ಮಠಕ್ಕೆ ಬಂದು ಕೇಳುವರು. ಅವರಿಗೆ ಉತ್ತರ ಹೇಳಲೇಬೇಕಷ್ಟೆ.

ಪದಗಳು ಕೂಡಿ ವಾಕ್ಯಾರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂದು ತಾರ್ಕಿಕರು ಹೇಳುವರು. ‘ಬೆಂಕಿಯಿಂದ ನೆನೆಸು’ ಎಂಬಲ್ಲಿ ಒಂದೊಂದು ಪದವೂ ಶುದ್ಧವೇ, ಕೂಡಿದರೆ ಅರ್ಥವಿಲ್ಲ. ಯಂತ್ರದ ಅಂಗಗಳೂ ಹೀಗೆಯೇ. ಪ್ರತ್ಯೇಕವಾಗಿ ಉತ್ತಮವಾಗಿದ್ದು, ಕೂಡಿದಾಗ ಕೆಡುವುದುಂಟು. ಆ ಕೂಡಿಕೆಯನ್ನು ಮೊದಲೇ ಯೋಚಿಸಿ ಕಡೆಯವರೆಗೂ ಕಾಯುವುದೇ ಈ ವಿದ್ಯೆ.

ಇದಕ್ಕೆ ನಿದರ್ಶನವು ನಮ್ಮ ನೆರೆಯಲ್ಲಿಯೇ ಇರುವುದು. ಭಾರತದ ಮೊದಲ ಉಪಗ್ರಹವಾದ ಆರ್ಯಭಟವು ಸಿದ್ಧವಾದದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಉಡುಪಿಯ ಸೀಮೆಯ ಯು. ಆರ್. ರಾಯರು ಆ ಕಾರ್ಯದ ನಾಯಕರು. ಸುಮಾರು 360 ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು 1975ನೆಯ ಏಪ್ರಿಲ್ 19ರಂದು ಸೋವಿಯತ್ ದೇಶದಿಂದ ಹಾರಿಸಿದರು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರೊಳಗಣ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಒಂದು ಅಂಗವು ಸೋತರೆ ಇತರ ಅಂಗಗಳ ಗತಿಯೇನೆಂದು ಲೆಕ್ಕಹಾಕುವವನ ಬೆಲೆ ಇಂಥಲ್ಲಿ ತಿಳಿಯುವುದು. ಆದರೂ ಆ ಷೆಡ್ಡುಗಳಲ್ಲಿ ಪಳಗಿದ ಕೈಗಳೇ ಮುಂದಣ ಉಪಗ್ರಹಗಳಿಗೂ ಆಧಾರವಾದವು.

2015ರ ಮೇ 1ರಂದು ನಾಗಸಂದ್ರಕ್ಕೆ ಬಂದು, 2024ರ ನವೆಂಬರಿನಲ್ಲಿ ಮಾದಾವರಕ್ಕೆ ಮುಂದುವರಿದ ಮೆಟ್ರೋ ರೈಲನ್ನೇ ನೋಡಿರಿ. ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟಿನ ವಿದ್ಯುತ್ತು, ಸಂಕೇತ, ಬ್ರೇಕು, ಬಾಗಿಲು, ಇವೆಲ್ಲವೂ ಒಂದನ್ನೊಂದು ಅರಿತು ನಡೆಯತಕ್ಕವು. ಏನು ಬೇಕೆಂಬುದನ್ನು ಸಂದೇಹವಿಲ್ಲದ ಮಾತುಗಳಲ್ಲಿ ಬರೆಯುವವರು, ಅಂಗಗಳನ್ನು ಜೋಡಿಸುವವರು, ಪರೀಕ್ಷಿಸುವವರು, ಅಪಾಯವನ್ನು ಮುಂಗಾಣುವವರು ಇಲ್ಲೆಲ್ಲ ಬೇಕು. ವಿಮಾನ, ಮೋಟಾರು, ವೈದ್ಯಕೀಯ ಯಂತ್ರಗಳಲ್ಲಿಯೂ ಹಾಗೆಯೇ. ಬರೆಯುವ ಕೆಲಸವನ್ನು ನಮ್ಮ ಹುಡುಗರು ಹಗುರವಾಗಿ ಕಾಣುವರು. ನನಗೇನೋ ಅದೇ ಕಠಿನವೆಂದು ತೋರುವುದು.

ಹೆಸರಿಗೆ ಮೋಸಹೋಗಬೇಡಿರಿ. ತಂತ್ರಾಂಶದ ದೊಡ್ಡ ಸಂಸ್ಥೆಗಳಲ್ಲಿ ಹೊಸಬರ ಹುದ್ದೆಗೂ ‘ಸಿಸ್ಟಮ್ಸ್ ಎಂಜಿನಿಯರ್’ ಎಂಬ ಬಿರುದುಂಟು. ಕೆಲಸವು ಕೇವಲ ಪ್ರೋಗ್ರಾಂ ಬರೆಯುವುದಾಗಿರಬಹುದು. ಅದು ಹೀನವಲ್ಲ, ಆದರೆ ಬೇರೆ ಮಾರ್ಗ. ಸಂದರ್ಶನದಲ್ಲಿಯೇ ಕೇಳಿ ತಿಳಿದುಕೊಳ್ಳಿರಿ.

ಮೊದಲ ನಾಲ್ಕೈದು ವರ್ಷ ಯಾವುದಾದರೊಂದು ಅಂಗದಲ್ಲಿ, ಮೋಟಾರಾಗಲಿ ಸಂವೇದಕವಾಗಲಿ, ಕೈ ಕಪ್ಪಾಗುವಂತೆ ದುಡಿದವನೇ ಮುಂದೆ ಸಮಗ್ರವನ್ನು ನೋಡಬಲ್ಲನೆಂದು ನನ್ನ ಅಭಿಪ್ರಾಯ. ಧಾತುಪಾಠವಿಲ್ಲದೆ ಭಾಷ್ಯಕ್ಕೆ ಕೈಹಾಕಿದವರ ಪಾಡನ್ನು ಪಾಠಶಾಲೆಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆ ವರ್ಷಗಳಲ್ಲಿ ನೆರೆಮನೆಯವನ ಸಂಬಳವು ಹೆಚ್ಚಾಗಿರಬಹುದು. ತಾಯಿತಂದೆಗಳು ಅದನ್ನು ಊಟದ ಹೊತ್ತಿನಲ್ಲಿ ಮಗನಿಗೆ ಎಣಿಸಿ ಹೇಳದಿರಬೇಕೆಂದು ಪ್ರಾರ್ಥಿಸುವೆನು.