ಬಿಇ ಓದಿ ನಾಯಿ ಮಾಸ್ತರ ಆದದ್ದು

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು' ಎಂದು ಅಚ್ಚಾಗಿದೆ. ಅದು ಈ ತಿಂಗಳ ಕೊನೆಯವರೆಗೆ ಮಾತ್ರ ನಿಜ. ಕಂಪನಿಗೆ ರಾಜೀನಾಮೆ ಕೊಟ್ಟಿದ್ದೇನೆ. ಮುಂದಿನ ತಿಂಗಳಿನಿಂದ ನಾಯಿಗಳಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ನಗುವವರು ನಗಬಹುದು, ನನಗೆ ಬೇಸರವಿಲ್ಲ. ನಮ್ಮ ಅಪ್ಪ ಮಾತ್ರ ನಗಲಿಲ್ಲ. "ಎರಡು ಎಕರೆ ಮಾರಿ ಬಿಇ ಓದಿಸಿದ್ದು ನಾಯಿ ಕಾಯಾಕೇನಲೇ?" ಎಂದರು. ಆಮೇಲೆ ಎರಡು ತಿಂಗಳು ನಾನು ಫೋನ್ ಮಾಡಿದಾಗಲೆಲ್ಲ ಮಾತಾಡದೆ ಅವ್ವನ ಕೈಗೆ ಕೊಟ್ಟರು. ಈ ವಿಷಯವನ್ನು ಇವತ್ತು ಇಲ್ಲಿ ಹೇಳಲೇ ಎಂದು ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಬ್ಯಾಡ ಅಂದ್ರ ಬಿಡ್ತೀಯೇನು?" ಎಂದರು. ಅದನ್ನೇ ಒಪ್ಪಿಗೆ ಎಂದು ತಿಳಿದು ಹೇಳುತ್ತಿದ್ದೇನೆ.

ಈ ಕೆಲಸದ ಮೊದಲ ಪಾಠ ನನಗೆ ಸಿಕ್ಕಿದ್ದು ಇದೇ ಅಂಗಳದಲ್ಲಿ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, 2007ರಲ್ಲಿ, ಅಕ್ಷರ ದಾಸೋಹದ ಬಿಸಿಯೂಟ ಹೈಸ್ಕೂಲಿಗೂ ಬಂತು. ಮೊದಲ ದಿನ ಊಟದ ಗಂಟೆ ಬಾರಿಸಿದಾಗ ಓಡಿ ಬಂದವರು ನಾವು ಮಾತ್ರ. ಹದಿನೈದು ದಿನ ಕಳೆಯುವುದರೊಳಗೆ ಓಣಿಯ ನಾಯಿಗಳೂ ಗಂಟೆಯ ಸದ್ದಿಗೆ ಗೇಟಿನ ಹತ್ತಿರ ಸಾಲಾಗಿ ನಿಲ್ಲತೊಡಗಿದವು. ಬೆಳಗಿನ ಪ್ರಾರ್ಥನೆಯ ಗಂಟೆಗೆ ಒಂದೂ ಬರುತ್ತಿರಲಿಲ್ಲ! ನಮ್ಮ ವಿಜ್ಞಾನದ ಸರ್ ಕಿಟಕಿಯಿಂದ ಅವುಗಳನ್ನು ತೋರಿಸಿ, ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿಯ ಕಥೆ ಹೇಳಿದರು. ಆತ ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದವನು. ಊಟಕ್ಕೆ ಮೊದಲು ಒಂದು ಸದ್ದು ಕೇಳಿಸುತ್ತಾ ಹೋದರೆ, ಕೊನೆಗೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದವನು. ಸರ್ ಅವತ್ತು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಆದರೂ ಆ ಪಾಠ ನನಗೆ ಇನ್ನೂ ನೆನಪಿದೆ.

ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ, ಬೆಂಗಳೂರು. ಅದೆಲ್ಲ ನಿಮಗೆ ಗೊತ್ತಿರುವ ದಾರಿಯೇ, ಹೇಳುವಂಥದ್ದೇನೂ ಇಲ್ಲ. 2020ರಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ನೆಟ್‌ವರ್ಕ್ ಸಿಗಲಿ ಎಂದು ಮಾಳಿಗೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದೆ. ಅಲ್ಲಿಂದ ದಿನಾ ಕಾಣುತ್ತಿದ್ದವರು ಕುರಿ ಕಾಯುವ ಮುತ್ಯಾ. ಅವರ ಹೆಸರು ಹೇಳಿದರೆ ಎದ್ದು ಹೋಗಿಬಿಡುತ್ತಾರೆ, ಅದಕ್ಕೇ ಹೇಳುವುದಿಲ್ಲ. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಅವರ ಕುರಿ ಹಿಂಡು, ಜೊತೆಗೆ ಎರಡು ನಾಯಿ. ಮರಿಯಿದ್ದಾಗಲೇ ನಾಯಿಯನ್ನು ಕುರಿಮರಿಗಳ ಜೊತೆ ದಡ್ಡಿಯೊಳಗೆ ಬಿಡುತ್ತಿದ್ದರು. ಅದು ಕುರಿಯ ಕಿವಿ ಕಚ್ಚಿ ಆಡಿದರೆ ಹೊಡೆಯುತ್ತಿರಲಿಲ್ಲ, ಎತ್ತಿ ಆಚೆ ಇಡುತ್ತಿದ್ದರು. ಸುಮ್ಮನೆ ಮಲಗಿದರೆ ಒಂದು ಚೂರು ರೊಟ್ಟಿ. ಅಷ್ಟೇ. ಒಂದು ದಿನ ನಾನು ಹತ್ತಿರ ಹೋದಾಗ ದೊಡ್ಡ ನಾಯಿ ಗುರ್ ಎಂದಿತು. "ಸುಮ್ಮಿರು ಅನ್ನು ಮುತ್ಯಾ" ಎಂದೆ. ಅವರು, "ಅದು ಮಾತಾಡಾಕತ್ತೈತಿ, ನೀ ಹಿಂದ ಸರಿ" ಎಂದರು. ಆ ಮಾತನ್ನು ಆಗ ನಾನು ತಲೆಗೆ ಹಾಕಿಕೊಳ್ಳಲಿಲ್ಲ.

2021ರಲ್ಲಿ ಬೆಂಗಳೂರಿಗೆ ವಾಪಸ್ ಹೋದ ಮೇಲೆ, ಶನಿವಾರ, ಭಾನುವಾರ ಒಬ್ಬ ತರಬೇತುದಾರರ ಹಿಂದೆ ಸಹಾಯಕನಾಗಿ ಸೇರಿದೆ. ನಾಯಿ ತಪ್ಪು ಮಾಡಿದರೆ ಕೊರಳ ಸರಪಳಿ ಜಗ್ಗುವುದೇ ಅವರ ವಿದ್ಯೆ. ಕಲಿತೆ. ಆರು ತಿಂಗಳಿಗೆ ಸ್ವಂತವಾಗಿ ಒಂದು ಮನೆ ಒಪ್ಪಿಕೊಂಡೆ. ಲ್ಯಾಬ್ರಡಾರ್ ನಾಯಿ, ಪಾಪದ ಪ್ರಾಣಿ ಎನ್ನುತ್ತಾರಲ್ಲ ಆ ಜಾತಿ. ಆದರೆ ಊಟದ ತಟ್ಟೆಯ ಹತ್ತಿರ ಯಾರು ಹೋದರೂ ಗುರ್ ಎನ್ನುತ್ತಿತ್ತು. ಗುರ್ ಎಂದಾಗಲೆಲ್ಲ ಸರಪಳಿ ಜಗ್ಗಿದೆ. ಮೂರು ವಾರದಲ್ಲಿ ಸದ್ದು ನಿಂತಿತು. ಮನೆಯವರು ಖುಷಿಯಾಗಿ ಪೂರ್ತಿ ದುಡ್ಡು ಕೊಟ್ಟರು, ಇನ್ನೂ ಇಬ್ಬರಿಗೆ ನನ್ನ ನಂಬರ್ ಕೊಟ್ಟರು.

ಹತ್ತು ದಿನ ಕಳೆದಿರಬೇಕು. ಆ ಮನೆಯ ಏಳು ವರ್ಷದ ಹುಡುಗಿ ತಟ್ಟೆಯ ಪಕ್ಕ ಬಿದ್ದಿದ್ದ ತನ್ನ ಚೆಂಡು ತೆಗೆಯಲು ಬಗ್ಗಿದಳು. ನಾಯಿ ಒಂದು ಸದ್ದೂ ಮಾಡದೆ ಕೈ ಕಚ್ಚಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗ ಮುತ್ಯಾನ ಮಾತು ನೆನಪಾಯಿತು. ನಾಯಿಯ ಅಂಜಿಕೆ ಹಾಗೇ ಇತ್ತು. ನಾನು ತೆಗೆದದ್ದು ಅದರ ಎಚ್ಚರಿಕೆಯ ಮಾತನ್ನು ಮಾತ್ರ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಪ್ರೋಗ್ರಾಮ್ ಒಮ್ಮೊಮ್ಮೆ ವಾರ್ನಿಂಗ್ ತೋರಿಸುತ್ತದೆ. ಸೋಮಾರಿ ಎಂಜಿನಿಯರ್ ವಾರ್ನಿಂಗನ್ನೇ ಬಂದ್ ಮಾಡಿ ಮನೆಗೆ ಹೋಗುತ್ತಾನೆ, ನಡುರಾತ್ರಿ ಸರ್ವರ್ ಬೀಳುತ್ತದೆ. ಹಾಗೆ ಮಾಡಿದ ಹುಡುಗರಿಗೆ ಆಫೀಸಿನಲ್ಲಿ ನಾನೇ ಬೈದಿದ್ದೆ.

ದುಡ್ಡು ವಾಪಸ್ ಕೊಟ್ಟೆ. ನಾಯಿಯನ್ನು ಬಿಟ್ಟುಬಿಡಬೇಡಿ, ಇನ್ನೊಂದು ಅವಕಾಶ ಕೊಡಿ ಎಂದು ಬೇಡಿಕೊಂಡೆ. ಅವರು ಯಾಕೆ ಒಪ್ಪಿದರೋ ಗೊತ್ತಿಲ್ಲ. ಆಮೇಲೆ ಪುಸ್ತಕ ಓದಿದೆ, ಬೇರೆಯವರ ಹತ್ತಿರ ಮೊದಲಿನಿಂದ ಕಲಿತೆ. ತಟ್ಟೆಯಿಂದ ಹತ್ತು ಹೆಜ್ಜೆ ದೂರ ನಿಂತು ಬೇಯಿಸಿದ ಕೋಳಿಯ ಚೂರು ಎಸೆಯುವುದು, ತಿರುಗಿ ಹೋಗುವುದು. ಕೆಲವು ದಿನ ಕಳೆದು ಒಂಬತ್ತು ಹೆಜ್ಜೆ, ಆಮೇಲೆ ಎಂಟು. ನಾಯಿ ಬಿಗಿಯಾದರೆ ಮತ್ತೆ ಹಿಂದಕ್ಕೆ. ಮನುಷ್ಯ ಹತ್ತಿರ ಬಂದರೆ ಊಟ ಹೋಗುವುದಿಲ್ಲ, ಹೆಚ್ಚಾಗುತ್ತದೆ ಎಂದು ಅದಕ್ಕೆ ನಂಬಿಕೆ ಬರಬೇಕು. ಮೂರು ವಾರದಲ್ಲಿ ನಾನು ಕೆಡಿಸಿದ್ದು ಸರಿಹೋಗಲು ಆರು ತಿಂಗಳು ಹಿಡಿಯಿತು. ನಾಯಿ ಸರಿಹೋಯಿತು. ಆ ಹುಡುಗಿ ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ಒಳಗೆ ಹೋಗುತ್ತಾಳೆ.

ನಾಯಿಯ ಕೆಲಸ ಎಂದರೆ ನಮ್ಮಲ್ಲಿ ಮೂಗು ಮುರಿಯುತ್ತಾರೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಹೋದವರು ಆತಕೂರಿನ ಕಲ್ಲನ್ನು ನೋಡಿ ಬನ್ನಿ. ಮಂಡ್ಯ ಜಿಲ್ಲೆಯ ಆತಕೂರಿನದು, ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಏನು ಬೇಕು ಕೇಳು ಎಂದಾಗ, ಅವನು ಗಂಗರ ಬೂತುಗನಲ್ಲಿ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಈ ಕಲ್ಲಿನ ಫೋಟೋ ಅಪ್ಪನಿಗೆ ಕಳಿಸಿದ್ದೆ. ಉತ್ತರ ಬರಲಿಲ್ಲ, ಆದರೆ ಫೋಟೋ ಪಂಚಾಯಿತಿ ಕಟ್ಟೆಯವರೆಗೂ ಹೋಗಿತ್ತು ಎಂದು ಆಮೇಲೆ ತಿಳಿಯಿತು.

ನಮ್ಮ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯವರು ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದರು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವಿದೆ. ಬೆಂಗಳೂರಿನಲ್ಲಿ ಈಗ ಇದನ್ನು ಫ್ಲ್ಯಾಟಿನಲ್ಲಿ ಸಾಕಿ, "ಕರೆದರೆ ಬರೋದಿಲ್ಲ, ಹಠಮಾರಿ" ಎಂದು ನನ್ನನ್ನು ಕರೆಯುತ್ತಾರೆ. ಅದು ಹಠವಲ್ಲ. ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ಕಂಡು ಓಡಿ ಹಿಡಿಯುವ ಬೇಟೆನಾಯಿ ಅದು, ಬಯಲಿನ ಮೊಲಕ್ಕೆ ಬೆಳೆಸಿದ್ದು. ಅಳಿಲು ಕಂಡರೆ ಕಿವಿ ಕೇಳಿಸುವುದಿಲ್ಲ. ಅಂಥ ನಾಯಿಗೆ ಉದ್ದ ಹಗ್ಗ, ಬೇಲಿಯಿರುವ ಜಾಗ, ದಿನಾ ಓಟ ಬೇಕು. ಎಷ್ಟೋ ಸಲ ನನ್ನ ಕೆಲಸ ನಾಯಿಗಿಂತ ಹೆಚ್ಚಾಗಿ ಮನೆಯವರಿಗೆ ತಿಳಿಹೇಳುವುದೇ.

ಇಲ್ಲಿ ನಮ್ಮ ಕಡೆಯ ಕನ್ನಡ ನನಗೆ ಕೈಹಿಡಿಯಿತು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ನಾಯಿಯನ್ನು ಬೆಳಿಗ್ಗೆ ಸಂಜೆ ತಿರುಗಾಡಿಸುವವರು ಮಾಲೀಕರಲ್ಲ. ಮನೆಕೆಲಸದ ಅಕ್ಕ, ಇಲ್ಲವೇ ಸೆಕ್ಯುರಿಟಿ ಕಾಕಾ. ಅವರಲ್ಲಿ ಎಷ್ಟೋ ಜನ ರಾಯಚೂರು, ಯಾದಗಿರಿ, ಕಲಬುರಗಿಯವರು. ತರಬೇತುದಾರ ಬಂದು ಮಾಲೀಕರಿಗೆ ಇಂಗ್ಲಿಷಿನಲ್ಲಿ ಒಂದು ಗಂಟೆ ಹೇಳಿ ಹೋಗುತ್ತಾನೆ, ಹಗ್ಗ ಹಿಡಿಯುವ ಕೈಗೆ ಒಂದು ಮಾತೂ ತಲುಪುವುದಿಲ್ಲ. ನಾನು ಮೊದಲು ಅವರನ್ನೇ ಕೂರಿಸಿಕೊಳ್ಳುತ್ತೇನೆ. ಮಸ್ಕಿ ಕಡೆಯ ಒಬ್ಬ ಅಕ್ಕ ಈಗ ನನ್ನ ಜೊತೆಗೇ ಕೆಲಸ ಮಾಡುತ್ತಾರೆ. ನಾಯಿಯ ಬಾಲ, ಕಿವಿ, ಬಾಯಿಯ ಬಿಗಿ ಓದುವುದರಲ್ಲಿ ನನಗಿಂತ ಚುರುಕು.

ಮಕ್ಕಳೇ, ಇದನ್ನು ಕೇಳಿ ನಾಳೆಯೇ ಓದು ಬಿಡಬೇಡಿ. ಮೊದಲ ವರ್ಷ ನನಗೆ ತಿಂಗಳಿಗೆ ಸಿಕ್ಕಿದ್ದು 4 ಸಾವಿರದಿಂದ 11 ಸಾವಿರ. ಸಂಬಳ ಇತ್ತು, ಹೊಟ್ಟೆ ನಡೆಯಿತು. ಈಗ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ, ತಂಗಿಯ ಮದುವೆಯ ಸಾಲ ತೀರಿದೆ, ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿದೆ. ಆಮೇಲೆಯೇ ಪತ್ರ ಕೊಟ್ಟೆ. ಈ ಕೆಲಸಕ್ಕೆ ನಿನ್ನ ಸರ್ಟಿಫಿಕೇಟ್ ಎಲ್ಲಿ ಎಂದು ಮನೆಯವರು ಕೇಳುವುದಿಲ್ಲ, ಬೋರ್ಡು ಹಾಕಿದವನೇ ತರಬೇತುದಾರ. ಅದೇ ಅಪಾಯ, ನಾನೇ ಸಾಕ್ಷಿ. ಅಮೆರಿಕದಲ್ಲಿ ನಡೆಸುವ ಒಂದು ಪರೀಕ್ಷೆಗೆ ಕೂರಬೇಕಾದರೇ 300 ಗಂಟೆ ತರಬೇತಿ ಕೊಟ್ಟ ಅನುಭವ ಬೇಕು. ನಾನು ಆ ಗಂಟೆಗಳನ್ನು ಬೀದಿನಾಯಿಗಳ ಆಶ್ರಯಧಾಮದಲ್ಲಿ ಪುಕ್ಕಟೆ ದುಡಿದು ತುಂಬಿಸಿದೆ. ಪ್ರತಿ ನಾಯಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಲ್ಯಾಬ್ರಡಾರಿನ ನೋಟ್‌ಬುಕ್ ಎಲ್ಲಕ್ಕಿಂತ ಮೇಲಿದೆ.

ಹಿರಿಯರಿಗೆ ಒಂದು ಮಾತು. ನಾಯಿ ಕಚ್ಚಿದರೆ ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯ ಮಾಯಿತು ಎಂದು ನಡುವೆ ಬಿಡದೆ ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಮುಗಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು.

ನಾಳೆ ಬೆಳಿಗ್ಗೆ ಏಳಕ್ಕೆ ಇದೇ ಮೈದಾನದ ಬೇವಿನ ಮರದ ಕೆಳಗೆ ಇರುತ್ತೇನೆ, ಮುಖ್ಯಗುರುಗಳು ಒಪ್ಪಿದ್ದಾರೆ. ಮನೆಯ ನಾಯಿಗೆ ಹಗ್ಗ ಕಟ್ಟಿಕೊಂಡು ಬನ್ನಿ, ದುಡ್ಡಿಲ್ಲ. ಮುತ್ಯಾ ಬರುತ್ತೇನೆ ಎಂದಿದ್ದಾರೆ. ಅಪ್ಪ ಮಾತ್ರ, "ಏಳಕ್ಕ ಬಿಸಿಲಾಗ್ತದ, ಆರಕ್ಕ ಇಟ್ಟಿದ್ರ ಚಲೋ ಇತ್ತು" ಎಂದರು.