ಉಯಿಲು ಬರೆಸುವುದು ಯಾರಲ್ಲಿ? ವಕೀಲರಲ್ಲೋ, ಮೊಬೈಲಿನಲ್ಲೋ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆಗೆ ಮೊದಲು ನಾವು ಬೀಜ ಹಸನು ಮಾಡುತ್ತೇವೆ. ಮಳೆಗಾಲಕ್ಕೆ ಮೊದಲು ಬದು ಸರಿಪಡಿಸುತ್ತೇವೆ. ಮುಂದೆ ಬರುವುದನ್ನು ನೆನೆದು ಇಂದೇ ಸಿದ್ಧರಾಗುವುದು ಒಕ್ಕಲುತನದ ಗುಣ. ಆದರೆ ನಮ್ಮ ಕಾಲಾನಂತರ ಈ ಜಮೀನು ಯಾರಿಗೆ ಸೇರಬೇಕು ಎಂಬ ಮಾತು ಬಂದಾಗ ಮಾತ್ರ, "ಈಗೇಕೆ ಆ ಅಪಶಕುನದ ಮಾತು?" ಎಂದು ಮುಂದಕ್ಕೆ ಹಾಕುತ್ತೇವೆ. ಹಾಗೆ ಮುಂದಕ್ಕೆ ಹಾಕಿದ ಮನೆಗಳಲ್ಲಿ ಆಮೇಲೆ ಏನಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಕೋರ್ಟಿನ ಮುಂದೆ ಬೇರೆ ಬೇರೆ ಮರದ ಕೆಳಗೆ ನಿಲ್ಲುತ್ತಾರೆ. ತವರಿಗೆ ಬಂದುಹೋಗುತ್ತಿದ್ದ ಹೆಣ್ಣುಮಗಳು ಬರುವುದನ್ನೇ ಬಿಡುತ್ತಾಳೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಚೆಗೆ ಅನೇಕರು ಒಂದು ಪ್ರಶ್ನೆ ಕೇಳುತ್ತಿದ್ದಾರೆ. "ಪಹಣಿ ಮೊಬೈಲಿನಲ್ಲೇ ಸಿಗುತ್ತದೆ. ಬೆಳೆ ವಿಮೆಯ ಅರ್ಜಿಯೂ ಆನ್‌ಲೈನ್ ಆಯಿತು. ಉಯಿಲು ಬರೆದುಕೊಡುವ ಆನ್‌ಲೈನ್ ಸೇವೆಗಳೂ ಇವೆಯಂತೆ. ಹೆಸರು, ಆಸ್ತಿ, ಮಕ್ಕಳ ವಿವರ ತುಂಬಿದರೆ ಅರ್ಧ ಗಂಟೆಯಲ್ಲಿ ಪತ್ರ ಸಿದ್ಧವಂತೆ. ಹೀಗಿರುವಾಗ ವಕೀಲರಿಗೆ ಹಣ ಕೊಟ್ಟು ತಾಲ್ಲೂಕಿಗೆ ಏಕೆ ತಿರುಗಬೇಕು?" ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನೇರವಾಗಿ ಉತ್ತರ ಹೇಳಬೇಕೆಂದೇ ಇಂದು ನಿಂತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಉಯಿಲನ್ನು ವಕೀಲರೇ ಬರೆಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನೀವೇ ನಿಮ್ಮ ಕೈಯಿಂದ ಬರೆಯಬಹುದು. ಕನ್ನಡದಲ್ಲಿ ಬರೆಯಬಹುದು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಹಾಗಾದರೆ ಉಯಿಲನ್ನು ನಿಲ್ಲಿಸುವುದು ಯಾವುದು? ಮೂರೇ ಸಂಗತಿ: ಕೊಡುವವನಿಗೆ ಕೊಡುವ ಹಕ್ಕು ಇರಬೇಕು, ಅವನು ಸ್ವಸ್ಥ ಮನಸ್ಸಿನಿಂದ, ಸ್ವಂತ ಇಚ್ಛೆಯಿಂದ ಕೊಟ್ಟಿರಬೇಕು, ಸಹಿ ಮತ್ತು ಸಾಕ್ಷಿ ಕ್ರಮವಾಗಿ ಬಿದ್ದಿರಬೇಕು. ಪತ್ರವನ್ನು ಯಾರು ಬರೆದರು ಎಂಬುದಕ್ಕಿಂತ ಈ ಮೂರು ಇವೆಯೇ ಎಂಬುದನ್ನೇ ನ್ಯಾಯಾಲಯ ನೋಡುತ್ತದೆ. ಆದುದರಿಂದ ವಕೀಲರನ್ನಾಗಲಿ ಆನ್‌ಲೈನ್ ಸೇವೆಯನ್ನಾಗಲಿ ಆರಿಸುವಾಗ, ಈ ಮೂರರಲ್ಲಿ ನನಗೆ ಯಾರ ಸಹಾಯ ಬೇಕು ಎಂದು ಕೇಳಿಕೊಳ್ಳಬೇಕು.

ಕೊಡುವ ಹಕ್ಕು

ಪಹಣಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಜಮೀನೆಲ್ಲ ನನ್ನದು, ಬೇಕಾದವರಿಗೆ ಬರೆಯಬಲ್ಲೆ ಎಂದು ತಿಳಿಯಬೇಡಿ. ಪಹಣಿ ಕಂದಾಯದ ದಾಖಲೆ. ಅದರಲ್ಲಿ ಹೆಸರಿದ್ದುದರಿಂದಲೇ ಪೂರ್ಣ ಒಡೆತನ ಹುಟ್ಟುವುದಿಲ್ಲ.

ಒಂದು ಉದಾಹರಣೆ ನೋಡಿ. ಒಬ್ಬ ಹಿಂದೂ ರೈತನಿದ್ದಾನೆ ಎಂದಿಟ್ಟುಕೊಳ್ಳಿ. ಹೆಂಡತಿ ತೀರಿಕೊಂಡಿದ್ದಾಳೆ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಭಾಗವಾಗದ ಪಿತ್ರಾರ್ಜಿತ ಜಮೀನು 8 ಎಕರೆ. ತಾನೇ ದುಡಿದು ಕೊಂಡದ್ದು 2 ಎಕರೆ. ಹತ್ತು ಎಕರೆಯ ಪಹಣಿಯೂ ಅವನ ಹೆಸರಿನಲ್ಲೇ ಇದೆ. ಅವನು "ನನ್ನ ಹತ್ತು ಎಕರೆಯೂ ಮಗನಿಗೆ" ಎಂದು ಉಯಿಲು ಬರೆಯುತ್ತಾನೆ. ಅದು ನಡೆಯುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಸಮಪಾಲು ಇದೆ. 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಆ 8 ಎಕರೆಯಲ್ಲಿ ತಂದೆ ಮತ್ತು ಮೂವರು ಮಕ್ಕಳಿಗೆ ತಲಾ 2 ಎಕರೆ. ತಂದೆ ಉಯಿಲಿನಲ್ಲಿ ಕೊಡಬಲ್ಲದ್ದು ತನ್ನ ಪಾಲಿನ 2 ಎಕರೆ, ಸ್ವಯಾರ್ಜಿತದ 2 ಎಕರೆ, ಒಟ್ಟು 4 ಎಕರೆ ಮಾತ್ರ. ಉಳಿದ 6 ಎಕರೆಯ ಬಗ್ಗೆ ಬರೆದದ್ದು ಕಾಗದದ ಮೇಲಿನ ಮಸಿಯಷ್ಟೇ.

ಮೊಬೈಲಿನ ನಮೂನೆ ಇದನ್ನು ತಡೆಯುತ್ತದೆಯೇ? ಅದು "ನಿಮ್ಮ ಆಸ್ತಿ ಯಾವುದು?" ಎಂದು ಕೇಳುತ್ತದೆ. ನೀವು "ಹತ್ತು ಎಕರೆ" ಎಂದು ತುಂಬಿದರೆ ಹತ್ತು ಎಕರೆ ಎಂದೇ ಅಚ್ಚಾಗಿ ಬರುತ್ತದೆ. ಹಳೆಯ ವಿಭಾಗ ಪತ್ರವನ್ನು ತೆಗೆಸಿ ಓದುವುದಿಲ್ಲ. "ಈ ಜಮೀನು ನಿಮಗೆ ಹೇಗೆ ಬಂತು? ತಾತನಿಂದಲೇ? ಯಾವ ವರ್ಷ? ಪಾಲು ಆಗಿದೆಯೇ?" ಎಂದು ತಿಳಿದ ವಕೀಲರು ಕೇಳುವ ಪ್ರಶ್ನೆಗಳೇ ಇಲ್ಲಿ ಮುಖ್ಯ. ತಂದೆಯಿಂದ ಬಂದದ್ದೆಲ್ಲವೂ ಕಾನೂನಿನ ಕಣ್ಣಿಗೆ ಪಿತ್ರಾರ್ಜಿತವಲ್ಲ. 1956ರ ನಂತರ ತಂದೆ ತೀರಿಕೊಂಡು, ಅವರ ಸ್ವಂತ ಆಸ್ತಿ ವಾರಸುದಾರಿಕೆಯಿಂದ ಬಂದಿದ್ದರೆ ಅದರ ಲೆಕ್ಕವೇ ಬೇರೆ. ಇದನ್ನು ಪತ್ರ ನೋಡಿಯೇ ತೀರ್ಮಾನಿಸಬೇಕು.

1974ರ ಭೂಸುಧಾರಣೆಯಿಂದ ಗೇಣಿದಾರರಿಗೆ ಬಂದ ಜಮೀನು ನಮ್ಮ ಹಳ್ಳಿಗಳಲ್ಲಿ ಬಹಳವಿದೆ. ಅದು ಒಬ್ಬರ ಹೆಸರಿಗೆ ಬಂದದ್ದೋ, ಇಡೀ ಕುಟುಂಬದ ಪರವಾಗಿ ಬಂದದ್ದೋ ಎಂಬ ಪ್ರಶ್ನೆ ಪದೇ ಪದೇ ಏಳುತ್ತದೆ. ಗೇಣಿಯ ಹಕ್ಕನ್ನು ಹೊರಗಿನವರಿಗೆ ಉಯಿಲಿನಲ್ಲಿ ಬರೆಯಲು ಬರುವುದಿಲ್ಲವೆಂದು ಜಮಖಂಡಿಯ ಭೂ ನ್ಯಾಯಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ ಹೇಳಿದೆ. ಸರ್ಕಾರ ಮಂಜೂರು ಮಾಡಿದ ಜಮೀನಿಗೂ ಅದರದೇ ಷರತ್ತುಗಳಿರುತ್ತವೆ. ಇಂಥ ಜಮೀನು ಇದ್ದವರು ವಕೀಲರ ಸಲಹೆ ಇಲ್ಲದೆ ಉಯಿಲು ಬರೆಯಬಾರದು.

ಮೇಲೆ ಹೇಳಿದ ಪಾಲಿನ ಲೆಕ್ಕ ಹಿಂದೂ ಕುಟುಂಬಗಳದ್ದು. ಮುಸಲ್ಮಾನ ಬಾಂಧವರು ಸಾಮಾನ್ಯವಾಗಿ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆ ಇಲ್ಲದೆ ಉಯಿಲಿನಲ್ಲಿ ಬರೆಯಲಾರರು. ಕ್ರೈಸ್ತರಲ್ಲಿ ಉಯಿಲು ಬರೆದ ಮೇಲೆ ಮದುವೆಯಾದರೆ ಹಿಂದಿನ ಉಯಿಲು ಬಿದ್ದುಹೋಗುತ್ತದೆ. ಎಲ್ಲರಿಗೂ ಒಂದೇ ನಮೂನೆ ಹೊಂದುವುದಿಲ್ಲ.

ಸ್ವಂತ ಇಚ್ಛೆ

1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮೈಸೂರು ರಾಜ್ಯದಿಂದ ಬಂದ ಉಯಿಲಿನ ಮೊಕದ್ದಮೆಯೊಂದನ್ನು ತೀರ್ಮಾನಿಸಿತು. ಇಂದಿಗೂ ದೇಶದ ನ್ಯಾಯಾಲಯಗಳು ಉಯಿಲಿನ ವಿಷಯದಲ್ಲಿ ಆ ತೀರ್ಪನ್ನೇ ಆಧಾರವಾಗಿ ಹಿಡಿಯುತ್ತವೆ. ಅದರ ಸಾರ ಹೀಗಿದೆ: ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಅದನ್ನು ಬರೆಸಿದ್ದರೆ ಅದು ಸಂಶಯಕ್ಕೆ ಎಡೆ. ಸಹಿ ನಡುಗಿದ್ದರೆ, ಬರೆದವರ ಮನಸ್ಸು ದುರ್ಬಲವಾಗಿದ್ದರೆ, ಸಹಜವಾಗಿ ಸಿಗಬೇಕಾದವರಿಗೆ ಕಾರಣವಿಲ್ಲದೆ ಏನೂ ಸಿಗದಿದ್ದರೆ, ಅವೂ ಸಂಶಯಗಳೇ. ಆ ಸಂಶಯವನ್ನು ಕಳೆಯುವ ಹೊರೆ ಉಯಿಲನ್ನು ಹಿಡಿದು ಬಂದವನ ಮೇಲೆ ಬೀಳುತ್ತದೆ.

ಈಗ ಯೋಚಿಸಿ. ಎಪ್ಪತ್ತೈದು ವರ್ಷದ ಅಜ್ಜ. ಮೊಬೈಲು ಹಿರಿಯ ಮಗನದು. ವಿವರ ತುಂಬಿದವನು ಅವನೇ, ಹಣ ಕಟ್ಟಿದವನು ಅವನೇ, ಅಚ್ಚು ಹಾಕಿಸಿ ತಂದವನೂ ಅವನೇ. ಹೆಚ್ಚಿನ ಪಾಲು ಬಂದದ್ದೂ ಅವನಿಗೇ. ಪತ್ರ ಇಂಗ್ಲಿಷಿನಲ್ಲಿದೆ, ಅಜ್ಜನಿಗೆ ಇಂಗ್ಲಿಷ್ ಬಾರದು. ಅಜ್ಜನ ಇಚ್ಛೆ ನಿಜವಾಗಿಯೂ ಅದೇ ಆಗಿದ್ದರೂ ನಾಳೆ ತಂಗಿ ಕೋರ್ಟಿನಲ್ಲಿ ಕೇಳಿದಾಗ ಮಗನ ಬಳಿ ಏನು ಉತ್ತರವಿದೆ? ವಕೀಲರು ಮಕ್ಕಳನ್ನೆಲ್ಲ ಹೊರಗೆ ಕೂರಿಸಿ, ಅಜ್ಜನೊಬ್ಬನನ್ನೇ ಮಾತನಾಡಿಸಿ, ಕನ್ನಡದಲ್ಲಿ ಬರೆದು, ಓದಿ ಹೇಳಿದ್ದರೆ ಆ ಪತ್ರಕ್ಕೆ ಬಲ ಬರುತ್ತದೆ. ಆದರೆ ಲಾಭ ಪಡೆಯುವ ಮಗನೇ ಗೊತ್ತುಮಾಡಿ, ಅವನೇ ಶುಲ್ಕ ಕೊಟ್ಟ ವಕೀಲರಾದರೆ ಅಲ್ಲಿಯೂ ಅದೇ ಸಂಶಯ. ವಕೀಲರನ್ನು ನೀವೇ ಆರಿಸಿ, ಹಣವನ್ನೂ ನೀವೇ ಕೊಡಿ.

ಸಹಿ ಮತ್ತು ಸಾಕ್ಷಿ

ಆನ್‌ಲೈನಿನಲ್ಲಿ ಬರೆದ ಉಯಿಲು ಆನ್‌ಲೈನಿನಲ್ಲೇ ಮುಗಿಯುವುದಿಲ್ಲ. ಇದನ್ನು ಎಲ್ಲರೂ ಚೆನ್ನಾಗಿ ನೆನಪಿಡಿ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಉಯಿಲನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಎಂದರೆ, ಆಧಾರ್ ಸಂಖ್ಯೆ ಕೊಟ್ಟು ಒಟಿಪಿ ಒತ್ತಿದರೆ ಅದು ಉಯಿಲಿನ ಸಹಿಯಾಗುವುದಿಲ್ಲ. ಮೊಬೈಲಿನಲ್ಲಿ ಉಳಿದ ಪತ್ರ ಉಯಿಲಲ್ಲ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳಿದಂತೆ ನೀವು ಸಹಿ ಹಾಕಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಹಾಕುವುದನ್ನು ಅವರು ಕಂಡಿರಬೇಕು, ಇಲ್ಲವೆ "ಈ ಸಹಿ ನನ್ನದೇ" ಎಂದು ನೀವು ಅವರಿಗೆ ಹೇಳಿರಬೇಕು. ಅವರು ನಿಮ್ಮ ಎದುರಿಗೇ ಸಹಿ ಹಾಕಬೇಕು. ಮೂವರೂ ಒಂದೇ ಸಮಯದಲ್ಲಿ ಕೂತು ಹಾಕಿದರೆ ಯಾವ ತಕರಾರೂ ಉಳಿಯುವುದಿಲ್ಲ.

ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಊರಿನಲ್ಲಿ ಸಿಗುವವರಾಗಿರಲಿ. ಉಯಿಲನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡುವಾಗ, ಸಾಕ್ಷಿಗಳು ಬದುಕಿದ್ದರೆ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಉಯಿಲಿನಲ್ಲಿ ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಕ್ರೈಸ್ತರಲ್ಲಿ ಹಾಗೆ ಮಾಡಿದರೆ ಆ ಸಾಕ್ಷಿಗೆ ಬರೆದ ಪಾಲೇ ರದ್ದು. ಹಿಂದೂಗಳಲ್ಲಿ ರದ್ದಾಗದಿದ್ದರೂ ಸಂಶಯಕ್ಕೆ ದಾರಿ. ವಯಸ್ಸಾದವರು, ಕಾಯಿಲೆಯವರು ಬರೆಸುವುದಾದರೆ ಒಬ್ಬ ವೈದ್ಯರನ್ನು ಸಾಕ್ಷಿಯಾಗಿ ಕರೆಯುವುದು ಒಳ್ಳೆಯದು.

ನೋಂದಣಿ ಕಡ್ಡಾಯವಲ್ಲವೆಂದೆ. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಕ್ಷೇಮ. ಇದಕ್ಕೆ ಕಾಲಮಿತಿ ಇಲ್ಲ. ಪತ್ರ ಕಳೆದರೂ ನಕಲು ಸಿಗುತ್ತದೆ. ಗುಟ್ಟಾಗಿಡಬೇಕೆನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡಬಹುದು. ಆದರೆ ನೋಂದಣಿಯಾದ ಮಾತ್ರಕ್ಕೆ ಇಲ್ಲದ ಹಕ್ಕು ಬರುವುದಿಲ್ಲ, ಸಂಶಯವೆಲ್ಲ ಕಳೆಯುವುದೂ ಇಲ್ಲ.

ಯಾರಿಗೆ ಯಾವುದು?

ಈಗ ತೀರ್ಮಾನಕ್ಕೆ ಬರೋಣ. ನಿಮ್ಮ ಆಸ್ತಿ ಪೂರ್ತಿ ಸ್ವಯಾರ್ಜಿತ, ಕ್ರಯಪತ್ರ ನಿಮ್ಮ ಹೆಸರಿನಲ್ಲಿದೆ, ಮನೆಯಲ್ಲಿ ಒಮ್ಮತವಿದೆ, ಹೆಂಡತಿಗೆ ಇಷ್ಟು, ಮಕ್ಕಳಿಗೆ ಇಷ್ಟು ಎಂಬ ಸರಳ ಹಂಚಿಕೆ, ನೀವು ಓದಿ ಬರೆಯಬಲ್ಲಿರಿ, ಮೊಬೈಲು ನಿಮ್ಮ ಕೈಯಲ್ಲೇ ಇದೆ. ಹೀಗಿದ್ದರೆ ಆನ್‌ಲೈನ್ ಸೇವೆಯ ನಮೂನೆ ಉಪಯೋಗಕ್ಕೆ ಬಂದೀತು. ಆದರೆ ಹಣ ಕಟ್ಟುವ ಮೊದಲು ಕೆಲವು ವಿಷಯ ಕೇಳಿ ತಿಳಿಯಿರಿ. ಪತ್ರ ಕನ್ನಡದಲ್ಲಿ ಸಿಗುತ್ತದೆಯೇ? ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಚಕ್ಕುಬಂದಿ ಬರೆಯಲು ಅವಕಾಶವಿದೆಯೇ? ವಕೀಲರು ನೋಡಿಕೊಡುತ್ತಾರೆ ಎನ್ನುವುದಾದರೆ ಆ ವಕೀಲರು ಯಾರು, ಕರ್ನಾಟಕದ ಭೂ ಕಾನೂನು ಬಲ್ಲವರೇ? ನೀವು ಕೊಟ್ಟ ಆಧಾರ್, ಬ್ಯಾಂಕಿನ ವಿವರ ಯಾರ ಬಳಿ ಉಳಿಯುತ್ತದೆ?

ಪಿತ್ರಾರ್ಜಿತ ಜಮೀನು, ಭಾಗವಾಗದ ಕುಟುಂಬ, ಗೇಣಿಯಿಂದ ಬಂದ ಅಥವಾ ಮಂಜೂರಾದ ಭೂಮಿ, ಎರಡು ಸಂಸಾರ, ಬುದ್ಧಿ ಬೆಳೆಯದ ಮಗು, ಸಾಲದ ಹೊರೆ, ಅಥವಾ ಒಬ್ಬ ವಾರಸುದಾರನಿಗೆ ಕೊಡದಿರುವ ತೀರ್ಮಾನ: ಇವುಗಳಲ್ಲಿ ಒಂದಿದ್ದರೂ ವಕೀಲರ ಬಳಿ ಹೋಗಿ. ನಮ್ಮ ಹಳ್ಳಿಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲದ ಮನೆ ಅಪರೂಪ ಎಂಬುದನ್ನು ನೀವೇ ಬಲ್ಲಿರಿ. ಹೋಗುವಾಗ ಪಹಣಿ, ಕ್ರಯಪತ್ರ, ವಿಭಾಗ ಪತ್ರ, ವಂಶವೃಕ್ಷ, ಮ್ಯುಟೇಶನ್ ಪ್ರತಿ ತೆಗೆದುಕೊಂಡು ಹೋಗಿ. ಶುಲ್ಕ ಎಷ್ಟು ಎಂದು ಮೊದಲೇ ಕೇಳಿ, ರಸೀದಿ ಪಡೆಯಿರಿ.

ಶುಲ್ಕಕ್ಕೆ ಅಂಜಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಉಂಟು. ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ದೂರವಾಣಿ ಮಾಡಿ.

ಬರೆದ ಉಯಿಲನ್ನು ನೀವು ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು. ಕ್ರಮವಾಗಿ ಬರೆದ ಕೊನೆಯ ಉಯಿಲೇ ಊರ್ಜಿತ. ಜಮೀನು ನಿಮ್ಮ ಕೈಬಿಟ್ಟು ಹೋಯಿತೆಂಬ ಭಯ ಬೇಡ. ನಿಮ್ಮ ಉಸಿರಿರುವವರೆಗೆ ಅದು ನಿಮ್ಮದೇ. ಇನ್ನು, ಉಯಿಲನ್ನೇ ಬರೆಯದಿದ್ದರೆ ಹಿಂದೂ ಗಂಡಸಿನ ಪಾಲು ಅವನ ಹೆಂಡತಿ, ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ಆ ಹಂಚಿಕೆ ನಿಮಗೆ ಒಪ್ಪಿಗೆಯಾದರೆ ಅದನ್ನು ಮನೆಯವರಿಗೆ ತಿಳಿಸಿಯಾದರೂ ಇಡಿ.

ಒಟ್ಟಿನಲ್ಲಿ ನಾನು ಹೇಳುವುದಿಷ್ಟೆ. ಪತ್ರ ಮೊಬೈಲಿನಲ್ಲಿ ಹುಟ್ಟಿತೋ ವಕೀಲರ ಮೇಜಿನ ಮೇಲೆ ಹುಟ್ಟಿತೋ ಎಂಬುದು ಎರಡನೆಯ ಮಾತು. ಅದರಲ್ಲಿರುವುದು ನೀವು ಕೊಡಬಲ್ಲದ್ದೇ ಆಗಿರಲಿ, ನೀವೇ ಕೊಟ್ಟದ್ದಾಗಿರಲಿ, ಇಬ್ಬರು ಕಂಡದ್ದಾಗಿರಲಿ. ಈ ಸುಗ್ಗಿ ಮುಗಿಯುವುದರೊಳಗೆ ನಿಮ್ಮ ಜಮೀನಿನ ಪತ್ರಗಳನ್ನೆಲ್ಲ ಒಂದು ಕಡೆ ಕೂಡಿಹಾಕಿ, ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಅದು ಮೊದಲ ಹೆಜ್ಜೆ. ಆ ಪಟ್ಟಿಯನ್ನು ನೋಡಿದರೆ ಯಾರ ಬಳಿ ಹೋಗಬೇಕೆಂಬುದು ನಿಮಗೇ ತಿಳಿಯುತ್ತದೆ.